ಎಐ ಫ್ರೀ, ರ‍್ಯಾಮ್ ದುಬಾರಿ

2025ರಲ್ಲಿ ನಮ್ಮ ಮೊಬೈಲಿಗೆ ಬಂದಷ್ಟು ಪುಕ್ಕಟೆ ಬುದ್ಧಿ ಹಿಂದೆಂದೂ ಬಂದಿರಲಿಲ್ಲ. ಜುಲೈಯಲ್ಲಿ ಏರ್‌ಟೆಲ್‌ನವರು 17,000 ರೂಪಾಯಿ ಬೆಲೆಯ ಪರ್ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಉಚಿತ ಅಂದರು. ಅಕ್ಟೋಬರ್ ಕೊನೆಗೆ ಜಿಯೋದವರು ಗೂಗಲ್‌ನ ಜೆಮಿನೈ ಪ್ರೊ 18 ತಿಂಗಳು ಉಚಿತ, ಅದರ ಬೆಲೆ 35,100 ರೂಪಾಯಿ ಅಂದರು. ನವೆಂಬರ್ 4ರಿಂದ ಚಾಟ್‌ಜಿಪಿಟಿ ಗೋ ಕೂಡ ಒಂದು ವರ್ಷ ಫ್ರೀ. ನಮ್ಮ ಕಡೆ ಮದುವೆ ಮನೆಯಲ್ಲೂ ಇಷ್ಟು ಒತ್ತಾಯ ಮಾಡಿ ಬಡಿಸುವುದಿಲ್ಲ ಮಾರಾಯ್ರೆ.

ಸರಿಯಾಗಿ ಅದೇ ಹೊತ್ತಿಗೆ ಇನ್ನೊಂದು ವಸ್ತುವಿನ ಬೆಲೆ ಏರತೊಡಗಿತು. ಕಂಪ್ಯೂಟರಿನ ಮೆಮೊರಿ, ಅಂದರೆ ರ‍್ಯಾಮ್. 2025ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಡಿಡಿಆರ್5 ರ‍್ಯಾಮ್‌ನ ಬೆಲೆ ದುಪ್ಪಟ್ಟಿಗಿಂತ ಹೆಚ್ಚಾಯ್ತು. ಮಿಜಾರು, ತೋಡಾರು, ಉಜಿರೆಯ ಇಂಜಿನಿಯರಿಂಗ್ ಕಾಲೇಜುಗಳಿಗೆ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕಾದ ಅಪ್ಪ ಅಮ್ಮಂದಿರಿಗೆ ಇದರ ಬಿಸಿ ತಟ್ಟುತ್ತದೆ. ಮೊಬೈಲಿನೊಳಗೂ ಮೆಮೊರಿಯೇ ಇರುವುದು, ಅದಕ್ಕೂ ಬಿಸಿ ತಪ್ಪಿದ್ದಲ್ಲ.

ಆ ಫ್ರೀಗೂ ಈ ದುಬಾರಿಗೂ ನೇರ ಸಂಬಂಧ ಉಂಟು ಅನ್ನುವುದು ಈ ವಾರದ ನನ್ನ ತಕರಾರು.

ಚಿಪ್ ಎಲ್ಲಿಗೆ ಹೋಯ್ತು?

ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ತಯಾರಿಸುವುದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದದ್ದು ಎಚ್‌ಬಿಎಂ ಅನ್ನುವ ವಿಶೇಷ ಮೆಮೊರಿ. ಚಿಪ್‌ಗಳನ್ನು ನೀರುದೋಸೆಯ ಹಾಗೆ ಒಂದರ ಮೇಲೊಂದು ಪೇರಿಸಿ ಅದನ್ನು ಮಾಡುತ್ತಾರೆ. ಅಷ್ಟೇ ಗಾತ್ರದ ಮಾಮೂಲಿ ರ‍್ಯಾಮ್‌ಗೆ ಹೋಲಿಸಿದರೆ ಇದಕ್ಕೆ ಸುಮಾರು ಮೂರು ಪಟ್ಟು ಸಿಲಿಕಾನ್ ಬೇಕು. ಲಾಭವೂ ಜಾಸ್ತಿ. ಹಾಗಾಗಿ ಕಾರ್ಖಾನೆಗಳು ಆ ಕಡೆ ತಿರುಗಿದವು. ಹೊಸ ಕಾರ್ಖಾನೆ ಕಟ್ಟಲಿಕ್ಕೆ ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ನಮ್ಮಂಥವರ ಪಾಲಿಗೆ ಉಳಿದದ್ದು ಕಡಿಮೆ, ಬೆಲೆ ಜಾಸ್ತಿ.

2025ರ ಡಿಸೆಂಬರ್ 3ರಂದು ಮೈಕ್ರಾನ್ ಒಂದು ಪ್ರಕಟಣೆ ಹೊರಡಿಸಿತು. 'ಕ್ರೂಶಿಯಲ್' ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ನಿಲ್ಲಿಸುತ್ತೇವೆ, ಎಐ ಬೇಡಿಕೆ ಪೂರೈಸಬೇಕು ಅಂತ. ಹಳೇ ಲ್ಯಾಪ್‌ಟಾಪ್ ಸ್ಲೋ ಆಗಿದೆ ಅಂತ ಸರ್ವಿಸ್ ಅಂಗಡಿಗೆ ಕೊಟ್ಟವರಲ್ಲಿ ಎಷ್ಟೋ ಜನರ ಮಷಿನ್ ಒಳಗೆ ಈ ಹೆಸರಿನ ಪಟ್ಟಿ ಕೂತಿರುತ್ತದೆ. 29 ವರ್ಷದ ಬ್ರ್ಯಾಂಡ್. ನಷ್ಟ ಆಗಿ ಮುಚ್ಚಿದ್ದಲ್ಲ, ಇನ್ನೂ ದೊಡ್ಡ ಗಿರಾಕಿ ಸಿಕ್ಕಿದ್ದಕ್ಕೆ ನಮ್ಮನ್ನು ಬಿಟ್ಟದ್ದು.

ಗ್ರಾಫಿಕ್ಸ್ ಕಾರ್ಡ್‌ನ ಕಥೆಯೂ ಇದೇ. ಎನ್‌ವಿಡಿಯಾ ಬೆಳೆದದ್ದೇ ಗೇಮ್ ಆಡುವವರ ದುಡ್ಡಿನಲ್ಲಿ. 2025ರ ಅಕ್ಟೋಬರ್‌ಗೆ ಮುಗಿದ ಮೂರು ತಿಂಗಳಲ್ಲಿ ಆ ಕಂಪನಿಯ ಆದಾಯ 5,700 ಕೋಟಿ ಡಾಲರ್. ಅದರಲ್ಲಿ ಡೇಟಾ ಸೆಂಟರ್‌ನ ಪಾಲು 5,120 ಕೋಟಿ, ಗೇಮಿಂಗ್‌ನದ್ದು ಸುಮಾರು 430 ಕೋಟಿ. ನೂರು ರೂಪಾಯಿಯಲ್ಲಿ ತೊಂಬತ್ತು ಕೊಡುವವನಿಗೂ ಏಳೆಂಟು ಕೊಡುವವನಿಗೂ ಅಂಗಡಿಯವ ಒಂದೇ ಮರ್ಯಾದೆ ಕೊಡ್ತಾನಾ?

ಗೇಮ್ ಕಾರ್ಡಿನಿಂದ ಹುಟ್ಟಿದ ಎಐ

"ಗೇಮ್ ಆಡ್ಲಿಕ್ಕೆ ಅಷ್ಟು ದುಡ್ಡಿನ ಲ್ಯಾಪ್‌ಟಾಪ್ ಯಾಕೆ?" ಇದು ನಮ್ಮ ಮನೆಗಳ ಮಾಮೂಲಿ ಪ್ರಶ್ನೆ. ಬಿಜಿಎಂಐಯಲ್ಲಿ ರಾತ್ರಿ ಎರಡು ಗಂಟೆಯವರೆಗೆ ಗುಂಡು ಹಾರಿಸುವ ಮಗನನ್ನು ನೋಡಿದ ಅಮ್ಮನಿಗೆ ಈ ಪ್ರಶ್ನೆ ಕೇಳುವ ಹಕ್ಕು ಖಂಡಿತ ಉಂಟು. ಆದರೆ ಅದಕ್ಕೊಂದು ಉತ್ತರವೂ ಉಂಟು.

ಈಗಿನ ಎಐ ಅಲೆಗೆ ದೊಡ್ಡ ತಿರುವು ಕೊಟ್ಟದ್ದು 2012ರ ಅಲೆಕ್ಸ್‌ನೆಟ್. ಚಿತ್ರ ನೋಡಿ ಅದು ಎಂತದು ಅಂತ ಗುರುತಿಸುವ ಪ್ರೋಗ್ರಾಂ. ಟೊರೊಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಕ್ರಿಜೆವ್‌ಸ್ಕಿ ಅದಕ್ಕೆ ತರಬೇತಿ ಕೊಟ್ಟದ್ದು ಎರಡು ಜಿಟಿಎಕ್ಸ್ 580 ಕಾರ್ಡ್‌ಗಳ ಮೇಲೆ. ಒಂದೊಂದಕ್ಕೆ 3 ಜಿಬಿ ಮೆಮೊರಿ. ಗೇಮ್ ಆಡುವವರು ಅಂಗಡಿಯಲ್ಲಿ ಕೊಳ್ಳುವ ಕಾರ್ಡ್. ಮಷಿನ್ ಇದ್ದದ್ದು ಅಪ್ಪ ಅಮ್ಮನ ಮನೆಯ ಬೆಡ್‌ರೂಮಿನಲ್ಲಿ. ಐದಾರು ದಿನ ಓಡಿತು, ಆ ಕ್ಷೇತ್ರದ ದಿಕ್ಕೇ ಬದಲಾಯಿತು. ಅವರ ಗುರು ಜೆಫ್ರಿ ಹಿಂಟನ್‌ಗೆ 2024ರಲ್ಲಿ ನೊಬೆಲ್ ಬಂತು.

ನನಗೆ ಮುಖ್ಯ ಅನ್ನಿಸುವುದು ಆ ಬೆಡ್‌ರೂಮ್. ಸ್ವಂತ ಮಷಿನ್ ಇದ್ದ ಹುಡುಗ ಯಾರ ಪರ್ಮಿಷನ್ನೂ ಕೇಳದೆ, ಮೀಟರ್ ಓಡುವ ಭಯ ಇಲ್ಲದೆ, ಹತ್ತು ಸಲ ಕೆಡಿಸಿ ಹನ್ನೊಂದನೇ ಸಲ ಸರಿ ಮಾಡಬಹುದು. ಗೇಮ್‌ನ ಸೆಟ್ಟಿಂಗ್ ಬದಲಾಯಿಸುತ್ತ ಡ್ರೈವರ್ ಅಂದರೆ ಎಂತ ಅಂತ ಕಲಿತವರು, ಮಾಡ್ ಹಾಕುತ್ತ ಕೋಡಿಂಗ್ ಕಲಿತವರು ನಿಮ್ಮ ಆಫೀಸಿನಲ್ಲೇ ಇರಬಹುದು, ಕೇಳಿ ನೋಡಿ. ಅಂಥ ಒಂದು ಬೆಡ್‌ರೂಮಿನಿಂದ ಏಣಿ ಹತ್ತಿ ಮೇಲೆ ಬಂದ ಎಐ ಈಗ ಅದೇ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದೆ.

ಇದು ಚಾಲಗೇಣಿ

"ಸ್ವಂತ ಮಷಿನ್ ಯಾಕೆ, ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗ್ತದಲ್ಲ?" ಅಂತ ಕೇಳುವವರಿದ್ದಾರೆ. ಗೇಮ್ ಕ್ಲೌಡ್‌ನಲ್ಲಿ ಆಡಬಹುದು. 2025ರಲ್ಲಿ ಬಂದ ಜಿಯೋಪಿಸಿಯ ಹಾಗೆ ಟಿವಿಯ ಸೆಟ್‌ಟಾಪ್ ಬಾಕ್ಸನ್ನೇ ಕಂಪ್ಯೂಟರ್ ಮಾಡಬಹುದು. ನಿಜ. ಮದುವೆಗೆ ಶಾಮಿಯಾನ, ಐನೂರು ಕುರ್ಚಿ ಯಾರೂ ಕೊಂಡುಕೊಳ್ಳುವುದಿಲ್ಲ, ಬಾಡಿಗೆಗೇ ತರುವುದು. ಆದರೆ ದಿನಾ ತೋಟಕ್ಕೆ ಹೋಗುವವ ಹಾರೆ, ಕತ್ತಿಯನ್ನು ಬಾಡಿಗೆಗೆ ತರ್ತಾನಾ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ಈಗಲೂ 'ಡಿಕ್ಲರೇಷನ್ ಆದ ಜಾಗ' ಅನ್ನುತ್ತಾರೆ. ಹಿಂದೆ ಇಲ್ಲಿ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿಯವನಿಗೆ ಗೇಣಿ ಖಾಯಂ, ಜಾಗ ಬಿಡಿಸುವುದು ಸುಲಭವಲ್ಲ. ಚಾಲಗೇಣಿಯವನ ಪಾಡು ಬೇರೆ. ಧಣಿಗಳು ಮನಸ್ಸು ಮಾಡಿದರೆ ಗೇಣಿ ಏರುತ್ತಿತ್ತು, ಇಲ್ಲವಾದರೆ ಜಾಗವೇ ಹೋಗುತ್ತಿತ್ತು. ಅಡಿಕೆ ಸಸಿ ನೆಟ್ಟರೆ ಫಲ ಬರಲು ವರ್ಷಗಳು ಬೇಕು. ಅಷ್ಟು ಸಮಯ ಇಲ್ಲೇ ಇರ್ತೇನಾ ಅಂತ ಗೊತ್ತಿಲ್ಲದವ ಸಸಿ ನೆಡುವ ಮೊದಲು ಹತ್ತು ಸಲ ಯೋಚಿಸಬೇಕಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ, ಫಾರ್ಮ್ ನಂಬ್ರ 7, ತಾಲೂಕಿನ ಭೂನ್ಯಾಯಮಂಡಳಿ ಇದೆಲ್ಲ ಆದ ಮೇಲೆ ಉಳುವವನಿಗೆ ಜಾಗ ಸಿಕ್ಕಿತು.

ಊಟದ ಪ್ರಶ್ನೆಯನ್ನೂ ಲ್ಯಾಪ್‌ಟಾಪಿನ ಪ್ರಶ್ನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಗೊತ್ತು. ಆದರೆ ಸಬ್‌ಸ್ಕ್ರಿಪ್ಷನ್ ಅನ್ನುವುದು ಚಾಲಗೇಣಿಯೇ. ದರ ಅವರದ್ದು, ಷರತ್ತು ಅವರದ್ದು, ನಾಳೆ ಮಾಡೆಲ್ ಬದಲಾಯಿಸಿದರೆ ಕೇಳುವ ಹಾಗಿಲ್ಲ. ಈಗ ಫ್ರೀ ಇರುವುದು ಒಕ್ಕಲು ಕೂರಿಸುವ ಕಾಲವಾದ್ದರಿಂದ. ಅಭ್ಯಾಸ ಆದ ಮೇಲೆ ಗೇಣಿಯ ಲೆಕ್ಕ ಶುರು.

ಮತ್ತೆ ನಮ್ಮ ಮಳೆಗಾಲ ಒಂದುಂಟಲ್ಲ. ದಿಡುಪೆ, ಕುತ್ಲೂರಿನಂಥ ಘಟ್ಟದ ಬುಡದ ಊರುಗಳಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಇಲ್ಲ, ಸ್ವಲ್ಪ ಹೊತ್ತಿಗೆ ಟವರೂ ಇಲ್ಲ. 2020-21ರಲ್ಲಿ ಆನ್‌ಲೈನ್ ಕ್ಲಾಸಿಗಾಗಿ ನಮ್ಮ ಜಿಲ್ಲೆಯ ಮಕ್ಕಳು ಗುಡ್ಡ ಹತ್ತಿ ಕೊಡೆ ಹಿಡಿದು ಕೂತದ್ದು ಮರೆತಿಲ್ಲ ತಾನೇ? ಆಗ ಬ್ಯಾಟರಿ ಇರುವವರೆಗಾದರೂ ಕೆಲಸ ಮಾಡುವುದು ಮನೆಯ ಮಷಿನ್, ಕ್ಲೌಡ್ ಅಲ್ಲ.

ಹಾಗಾದರೆ ಎಐ ಬೇಡವಾ?

ಬೇಕು. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾವನ್ನು ಮೂರು ರೀತಿ ಬಿಡಿಸಿ ಹೇಳುವ ತಾಳ್ಮೆ ಅದಕ್ಕುಂಟು. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರ ಜೂನ್‌ನಲ್ಲಿ ತುಳು ಸೇರಿದ್ದೂ ಎಐ ದಯೆಯಿಂದಲೇ. ಫ್ರೀ ಕೊಟ್ಟದ್ದನ್ನು ಧಾರಾಳ ಬಳಸಿ. ಅದನ್ನೇ ನಂಬಿ ಕೈಯಲ್ಲಿರುವ ಮಷಿನ್ ಮಾರಬೇಡಿ, ಅಷ್ಟೇ.

ಲ್ಯಾಪ್‌ಟಾಪ್ ಕೊಳ್ಳುವುದಿದ್ದರೆ 'ಎಐ ಪಿಸಿ' ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಮೊದಲು ಕೇಳಬೇಕಾದದ್ದು: ರ‍್ಯಾಮ್ ಎಷ್ಟು, ಮತ್ತೆ ಹೆಚ್ಚಿಸಲಿಕ್ಕೆ ಸ್ಲಾಟ್ ಉಂಟಾ, ಅಥವಾ ಬೋರ್ಡಿಗೇ ಬೆಸುಗೆ ಹಾಕಿದ್ದಾ? ತೆಳ್ಳಗಿನ ಚಂದದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಬೆಸುಗೆಯವು. ಈಗ 8 ಜಿಬಿಗೆ ತೃಪ್ತಿಪಟ್ಟು ಮುಂದೆ ನೋಡುವ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು ಅಂತ ಹಳೇ ಮಷಿನನ್ನು ಗುಜರಿಗೆ ಹಾಕಬೇಡಿ. ಲಿನಕ್ಸ್ ಮಿಂಟ್ ಹಾಕಿದರೆ ಓದು, ಬರಹ, ಕೋಡಿಂಗ್‌ಗೆ ಧಾರಾಳ ಸಾಕು. ಗೇಮ್ ಆಡುವ ಮಗನಿಗೆ ಬೈಯುವ ಬದಲು ಗೊಡೋ ಅನ್ನುವ ಉಚಿತ ಎಂಜಿನ್ ತೋರಿಸಿ, "ಒಂದು ಕಂಬಳದ ಗೇಮ್ ಮಾಡು ನೋಡುವ" ಅನ್ನಿ. 2ಡಿ ಗೇಮ್ ಮಾಡಲಿಕ್ಕೆ ದೊಡ್ಡ ಕಾರ್ಡ್ ಬೇಡ. ಗೆಮ್ಮಾ, ಕ್ವೆನ್‌ನಂಥ ಮಾಡೆಲ್‌ಗಳ ಸಣ್ಣ ಆವೃತ್ತಿಗಳು 8ರಿಂದ 16 ಜಿಬಿ ಇರುವ ಮಷಿನ್‌ನಲ್ಲಿ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಚಾಟ್‌ಜಿಪಿಟಿಯಷ್ಟು ಜಾಣ ಅಲ್ಲ, ನಿಧಾನ ಕೂಡ. ಆದರೆ ಒಳಗೆ ಎಂತ ನಡೀತದೆ ಅಂತ ಬಿಚ್ಚಿ ನೋಡಲಿಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಸ್ವಂತ ಮಷಿನ್ ಕೊಡಿಸಲಿಕ್ಕಾಗದ ಮನೆಗಳೂ ಉಂಟು, ಈ ಬೆಲೆಯಲ್ಲಿ ಅವು ಇನ್ನೂ ಹೆಚ್ಚುತ್ತವೆ. ಕಾಲೇಜಿನ ಲ್ಯಾಬನ್ನು ರಾತ್ರಿ ಎಂಟರವರೆಗೆ, ಭಾನುವಾರವೂ ತೆರೆದಿಟ್ಟರೆ ಆ ಮಕ್ಕಳಿಗೆ ಯಾವ ಫ್ರೀ ಆಫರ್‌ಗಿಂತಲೂ ದೊಡ್ಡ ಉಪಕಾರ. ಹಳೇ ವಿದ್ಯಾರ್ಥಿ ಸಂಘದಲ್ಲಿ ನೀವಿದ್ದರೆ ಮುಂದಿನ ಮೀಟಿಂಗ್‌ನಲ್ಲಿ ಹೂವಿನ ಹಾರ, ಶಾಲಿನ ವಿಷಯ ಮುಗಿದ ಮೇಲೆ ಇದನ್ನೊಂದು ಕೇಳಿ ನೋಡಿ.

ಕೊನೆಗೆ, ಫ್ರೀ ಆಫರ್ ತೆಗೆದುಕೊಂಡವರು ಅದು ಮುಗಿಯುವ ತಾರೀಕನ್ನು ಇವತ್ತೇ ಮೊಬೈಲ್ ಕ್ಯಾಲೆಂಡರಿಗೆ ಹಾಕಿ. ಯುಪಿಐ ಆಟೋಪೇ ಒಪ್ಪಿಗೆ ಕೊಟ್ಟಿದ್ದರೆ ಒಂದು ವಾರ ಮೊದಲೇ ರಿಮೈಂಡರ್ ಇಡಿ. ಗೇಣಿ ಕೊಡ್ಬೇಕಾ ಬೇಡ್ವಾ ಅಂತ ತೀರ್ಮಾನಿಸಬೇಕಾದವರು ನೀವು, ನಿಮ್ಮ ಬ್ಯಾಂಕಿನ ಎಸ್‌ಎಂಎಸ್ ಅಲ್ಲ.