ಬಟನ್ನಿನ ವೇಷದ ಡಬ್ಬಿ

ಕಣ್ಣು ಕಾಣದವರು ಕಂಪ್ಯೂಟರ್ ನಡೆಸುವುದು ಕೀಬೋರ್ಡಿನಿಂದ. ಪರದೆಯ ಮೇಲಿನ ಬಾಣವೇ ಕಾಣದಿದ್ದರೆ ಮೌಸ್ ಹಿಡಿದು ಮಾಡುವುದೇನು? ಟ್ಯಾಬ್ ಒತ್ತಿದರೆ ಮುಂದಿನ ಲಿಂಕಿಗೋ ಬಟನ್ನಿಗೋ ಹೋಗಬಹುದು, ಅಲ್ಲೇನಿದೆ ಎಂದು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಎಂಟರ್ ಒತ್ತಿದರೆ ಕೆಲಸವಾಗುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಬಳಸುವವರು ಕಲಿಯಬೇಕಾದ್ದನ್ನು ಕಲಿತಿದ್ದಾರೆ. ಕಲಿಯದೆ ಉಳಿದವರು ವೆಬ್‌ಸೈಟ್ ಕಟ್ಟುವವರು. ಅವರಲ್ಲಿ ಕೆಲವರಾದರೂ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಈ ಪತ್ರ ಓದುತ್ತಿದ್ದೀರಿ.

ಎಚ್‌ಟಿಎಂಎಲ್‌ನಲ್ಲಿ ಬಟನ್ನಿಗೆಂದೇ ಒಂದು ಟ್ಯಾಗ್ ಇದೆ. ಅದನ್ನು ಬಳಸಿದರೆ ಟ್ಯಾಬ್ ಅಲ್ಲಿ ನಿಲ್ಲುತ್ತದೆ, ಎಂಟರ್‌ಗೂ ಸ್ಪೇಸ್‌ಗೂ ಅದು ಓಗೊಡುತ್ತದೆ, ಸ್ಕ್ರೀನ್ ರೀಡರ್ ಅದನ್ನು ಬಟನ್ ಎಂದೇ ಕರೆಯುತ್ತದೆ. ಹೆಚ್ಚಿಗೆ ಒಂದು ಸಾಲೂ ಬರೆಯಬೇಕಿಲ್ಲ. ಅದನ್ನು ಬಿಟ್ಟು 'ಡಿವ್' ಎಂಬ ಬರಿಯ ಡಬ್ಬಿಗೆ ಬಣ್ಣ ಬಳಿದು, ಮೂಲೆ ದುಂಡಗೆ ಮಾಡಿ, ಮೌಸ್ ಕ್ಲಿಕ್ಕೊಂದನ್ನು ಕಟ್ಟಿ ಬಟನ್ ಎನ್ನುತ್ತಾರೆ. ಟ್ಯಾಬ್ ಅದನ್ನು ಹಾರಿ ಮುಂದಕ್ಕೆ ಹೋಗುತ್ತದೆ. ಬಾಣದ ಕೀಲಿಗಳಿಂದ ತಡಕಾಡಿ ಅದರ ಮೇಲಿನ ಅಕ್ಷರ ಸಿಕ್ಕರೂ ಅದು ಬಟನ್ ಎಂದು ತಿಳಿಯುವುದಿಲ್ಲ. (ಸೋಮಾರಿತನ ಎನ್ನೋಣವೆಂದರೆ, ಸರಿಯಾದ ದಾರಿಯೇ ಇಲ್ಲಿ ಕಡಿಮೆ ಕೆಲಸದ್ದು!)

ಊರಿಗೆ ಹೋಗಲು ಬಸ್ ಟಿಕೆಟ್ ತೆಗೆಯಬೇಕು ಎನ್ನಿ. ಊರಿನ ಹೆಸರು, ತಾರೀಖು ಹೇಗೋ ತುಂಬಿದ್ದಾಯಿತು. ಮುಂದೆ ಸೀಟುಗಳ ಚಿತ್ರ ಬರುತ್ತದೆ, ಒಂದೊಂದು ಸೀಟೂ ಒಂದೊಂದು ಡಬ್ಬಿ. ಪಕ್ಕದ ಮನೆಯ ಹುಡುಗನನ್ನು ಕರೆಯದೆ ವಿಧಿಯಿಲ್ಲ. ಸೀಟಿನ ಮಟ್ಟಿಗೆ ಅದು ಬರೀ ಮುಜುಗರ. ಬ್ಯಾಂಕಿನ ಪುಟದಲ್ಲೂ ಇದೇ ಗತಿಯಾದರೆ ಪಾಸ್‌ವರ್ಡೂ ಓಟಿಪಿಯೂ ಆ ಹುಡುಗನ ಕೈಗೆ. 'ಓಟಿಪಿ ಯಾರಿಗೂ ಹೇಳಬೇಡಿ' ಎಂದು ಎಚ್ಚರಿಸುವ ಬ್ಯಾಂಕು, ಹೇಳದೆ ಗತಿಯಿಲ್ಲದಂಥ ಪುಟವನ್ನು ತಾನೇ ಕಟ್ಟಿಟ್ಟರೆ ಏನೆನ್ನಬೇಕು?

ಇದಕ್ಕೆ ಸಿಗುವ ಉತ್ತರ ಗೊತ್ತೇ ಇದೆ: ಅಂಥ ಗ್ರಾಹಕರು ಕಡಿಮೆ, ಯಾರೂ ದೂರು ಕೊಟ್ಟಿಲ್ಲ. 2011ರ ಜನಗಣತಿಯಲ್ಲೇ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ದೂರಿನ ಮಾತು ಬಿಡಿ, ದೂರಿನ ಫಾರಂನ 'ಕಳಿಸಿ' ಕೂಡ ಡಬ್ಬಿಯೇ ಆಗಿದ್ದರೆ ದೂರು ಬರುವುದೆಲ್ಲಿಂದ? ಇನ್ನು ಕೆಲವರು ಮೂಲೆಯಲ್ಲೊಂದು ಗಾಲಿಕುರ್ಚಿಯ ಚಿತ್ರ ಅಂಟಿಸುತ್ತಾರೆ. ಅದನ್ನು ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಅಕ್ಷರವೇ ಕಾಣದವರಿಗೆ ಅದರಿಂದೇನು?

ಇದು ದಯೆ ದಾಕ್ಷಿಣ್ಯದ ಪ್ರಶ್ನೆಯೂ ಅಲ್ಲ. ಎಲ್ಲ ಕೆಲಸ ಕೀಬೋರ್ಡಿನಿಂದ ಆಗಬೇಕೆಂಬುದು 2008ರ ಡಬ್ಲ್ಯುಸಿಎಜಿ 2.0 ಮಾನದಂಡದಲ್ಲಿ 'ಎ' ಮಟ್ಟದ್ದು, ಅಂದರೆ ತೀರಾ ಕನಿಷ್ಠದ್ದು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರಡಿಯ 15ನೆಯ ನಿಯಮ ಬರೀ ಸಲಹೆಯ ಧಾಟಿಯಲ್ಲಿದೆ ಎಂದು 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, ಕಡ್ಡಾಯ ನಿಯಮ ಮಾಡಲು ಮೂರು ತಿಂಗಳು ಕೊಟ್ಟಿತು. 2025ರ ಏಪ್ರಿಲಿನಲ್ಲಿ, ಕೆವೈಸಿ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಎಟುಕುವುದು 21ನೆಯ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು.

ಕೋರ್ಟು ಹೇಳಿದ್ದನ್ನು ಕಚೇರಿಯಲ್ಲಿ ಜಾರಿಗೆ ತರಲು ಸಮಿತಿ ಬೇಕಿಲ್ಲ. ಮುಂದಿನ ರಿಲೀಸಿಗೆ ಮೊದಲು ಟೆಸ್ಟಿಂಗಿನವರ ಮೌಸ್ ಕಿತ್ತಿಡಿ. ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿ ಇಷ್ಟರಲ್ಲೇ ಲಾಗಿನ್ ಆಗಿ, ಹಣ ಕಟ್ಟಿ, ರಸೀದಿ ತೆಗೆದು ತೋರಿಸಲಿ. ಎಲ್ಲಿ ಸಿಕ್ಕಿಬಿದ್ದರೋ ಅಲ್ಲಿಯ ಡಿವ್ ತೆಗೆದು ಬಟನ್ ಹಾಕುವವರೆಗೆ ಸಹಿ ಮಾಡಬೇಡಿ.