ಜಡೆಗೆ ಕತ್ತರಿ ಹಾಕುವ ಮೊದಲು

ನಮ್ಮ ದೊಡ್ಡಮ್ಮನ ಜಡೆ ಸೊಂಟದವರೆಗೆ ಇತ್ತು. ಎಂಬತ್ತೊಂದನೇ ವಯಸ್ಸಿಗೆ ಅದು ಹೆಬ್ಬೆರಳ ಗಾತ್ರಕ್ಕೆ ಇಳಿದು ಪೂರ್ತಿ ಬೆಳ್ಳಗಾಗಿದ್ದರೂ, ಬೆಳಗಾದರೆ ಕಿಟಕಿ ಪಕ್ಕ ಕೂತು ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆಣೆದು, ತುದಿಗೆ ಕಪ್ಪು ಟೇಪು ಕಟ್ಟಿಕೊಳ್ಳಲು ಅವರಿಗೆ ಅರ್ಧ ಗಂಟೆ ಬೇಕಿತ್ತು. ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಶಿವಾಜಿನಗರದ ಕಾರ್ಪೊರೇಷನ್ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಅವರು. ಜಡೆ ಹಾಕಿಕೊಂಡ ಮೇಲೆಯೇ ಅವರ ದಿನ ಶುರು.

ಸೊಂಟದ ಮೂಳೆ ಮುರಿಯಿತು. ಮರೆವು ಹೆಚ್ಚಾಯಿತು. ರಾತ್ರಿ ಎದ್ದು ಬಾಗಿಲ ಚಿಲಕ ತೆಗೆದು ಬೀದಿಗೆ ಇಳಿಯತೊಡಗಿದರು. ಮನೆಯಲ್ಲಿ ಸಂಭಾಳಿಸಲಾಗದೆ ನಗರದ ಪೂರ್ವ ಭಾಗದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಮೂರನೇ ವಾರ ನೋಡಲು ಹೋದಾಗ ಜಡೆ ಇರಲಿಲ್ಲ. ತಲೆಯನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ದೊಡ್ಡಮ್ಮ ನನ್ನನ್ನು ಗುರುತಿಸಿದರೋ ಇಲ್ಲವೋ ಗೊತ್ತಾಗಲಿಲ್ಲ. ಅವರ ಬಲಗೈ ಮಾತ್ರ ಮತ್ತೆ ಮತ್ತೆ ಕತ್ತಿನ ಹಿಂದಕ್ಕೆ ಹೋಗಿ ತಡಕಾಡಿ ಬರಿಗೈಯಾಗಿ ಮಡಿಲಿಗೆ ಬರುತ್ತಿತ್ತು.

"ಬಾಚೋಕೆ ಕಷ್ಟ ಆಗ್ತಿತ್ತು ಮೇಡಂ. ಎಲ್ಲರಿಗೂ ಹೀಗೇ ಕಟ್ ಮಾಡಿಸ್ತೀವಿ" ಅಂದರು ಅಲ್ಲಿನವರು. ಅವರ ದನಿಯಲ್ಲಿ ಕ್ರೌರ್ಯ ಇರಲಿಲ್ಲ. ಜಾಗ ಸ್ವಚ್ಛವಾಗಿತ್ತು, ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದರು. ಆದರೂ ಆವತ್ತು ಅಲ್ಲಿ ಒಬ್ಬ ಮನುಷ್ಯಳ ಎಂಬತ್ತು ವರ್ಷದ ಗುರುತನ್ನು ಅವಳ ಒಂದು ಮಾತೂ ಕೇಳದೆ ಕಸದ ಬುಟ್ಟಿಗೆ ಹಾಕಲಾಗಿತ್ತು.

ಆಮೇಲೆ ನೆನಪು ಮಾಡಿಕೊಂಡೆ. ಸೇರಿಸುವಾಗ ನಾವು ತುಂಬಿಕೊಟ್ಟ ಫಾರಂನಲ್ಲಿ ಸಕ್ಕರೆ ಎಷ್ಟು, ಬಿಪಿ ಎಷ್ಟು, ಯಾವ ಔಷಧಿ ಆಗುವುದಿಲ್ಲ, ತಿಂಗಳ ಹಣ ಕಟ್ಟುವವರು ಯಾರು ಎಂಬುದೆಲ್ಲ ಇತ್ತು. ದೊಡ್ಡಮ್ಮ ಯಾರು ಎಂಬ ಪ್ರಶ್ನೆ ಇರಲಿಲ್ಲ. ಅವರು ಕೇಳಲಿಲ್ಲ ಎನ್ನುವುದು ನಿಜ; ನಾವೂ ಹೇಳಲಿಲ್ಲ ಎನ್ನುವುದು ಅಷ್ಟೇ ನಿಜ.

ವ್ಯಕ್ತಿ ಕೇಂದ್ರಿತ ಆರೈಕೆ ಎಂಬ ಮಾತನ್ನು ಈಗ ವೈದ್ಯರು, ನರ್ಸಿಂಗ್ ಕಾಲೇಜುಗಳು, ಸಮ್ಮೇಳನಗಳು ಎಲ್ಲ ಕಡೆ ಬಳಸುತ್ತಾರೆ. ಅದರ ಅರ್ಥ ಬಲು ಸರಳ. ನೋಡಿಕೊಳ್ಳುವ ಜಾಗದ ಅನುಕೂಲಕ್ಕೆ ವೃದ್ಧರು ಹೊಂದಿಕೊಳ್ಳುವುದಲ್ಲ, ವೃದ್ಧರ ಬದುಕಿಗೆ ಆ ಜಾಗ ಹೊಂದಿಕೊಳ್ಳಬೇಕು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ ಮರೆವಿನ ಕಾಯಿಲೆಯವರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ 1997ರಲ್ಲಿ ಒಂದು ಪುಸ್ತಕ ಬರೆದರು. ಮೆದುಳು ಸವೆಯುವುದರಿಂದ ಆಗುವ ಹಾನಿ ಒಂದು, ಸುತ್ತಲಿನವರ ನಡವಳಿಕೆಯಿಂದ ಆಗುವ ಹಾನಿ ಇನ್ನೊಂದು ಎಂದು ಅವರು ತೋರಿಸಿಕೊಟ್ಟರು. ತಲೆಯ ಮೇಲಿಂದಲೇ ಇಬ್ಬರು ಮಾತಾಡಿಕೊಳ್ಳುವುದು, ಮಗುವಿನ ಹಾಗೆ ಗದರಿಸುವುದು, ತುತ್ತು ನುಂಗುವ ಮೊದಲೇ ಇನ್ನೊಂದು ಚಮಚ ಬಾಯಿಗಿಡುವುದು, ಎದುರಿಗಿದ್ದರೂ ಇಲ್ಲದವರಂತೆ ಕಾಣುವುದು, ಇವೆಲ್ಲ ಅವರ ಪಟ್ಟಿಯಲ್ಲಿದ್ದವು. ಮೊದಲನೆಯ ಹಾನಿಗೆ ಇವತ್ತಿಗೂ ಪೂರ್ತಿ ಮದ್ದಿಲ್ಲ. ಎರಡನೆಯದನ್ನು ನಾಳೆ ಬೆಳಿಗ್ಗೆಯೇ ನಿಲ್ಲಿಸಬಹುದು.

ನನ್ನ ಊರಾದ ಶಿವಾಜಿನಗರದಿಂದ ನೋಡಿದರೆ ಈ ಮಾತಿಗೆ ಇನ್ನೂ ಒಂದು ಮುಖವಿದೆ. ಇಲ್ಲಿ ರಸೆಲ್ ಮಾರ್ಕೆಟ್ಟಿನಿಂದ ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಕನ್ನಡ, ತಮಿಳು, ದಖನಿ ಉರ್ದು, ತೆಲುಗು, ಇಂಗ್ಲಿಷ್ ಐದೂ ಕಿವಿಗೆ ಬೀಳುತ್ತವೆ. ನಮ್ಮ ಬೀದಿಯಲ್ಲಿ ಒಬ್ಬರು ದರ್ಜಿ ತಾತ ಇದ್ದರು. ಕಮರ್ಷಿಯಲ್ ಸ್ಟ್ರೀಟಿನ ಗಿರಾಕಿಗಳ ಜತೆ ಅವರು ಐದೂ ಭಾಷೆಯಲ್ಲಿ ಅಳತೆ ತೆಗೆದುಕೊಳ್ಳುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರ ನಾಲಗೆಯಲ್ಲಿ ತಮಿಳು ಒಂದೇ ಉಳಿಯಿತು. ಅವರನ್ನು ನೋಡಿಕೊಳ್ಳಲು ಏಜೆನ್ಸಿಯವರು ಕಳಿಸಿದ ಹುಡುಗ ರಾಯಚೂರಿನ ಕಡೆಯವನು, ಒಳ್ಳೆಯವನು. ಒಂದು ಮಧ್ಯಾಹ್ನ ತಾತ "ತಣ್ಣಿ, ತಣ್ಣಿ" ಎಂದು ತೊದಲುತ್ತಿದ್ದರು. ಹುಡುಗನಿಗೆ ಅದು ಥಂಡಿ ಅಂತ ಕೇಳಿಸಿತು. ಪಾಪ, ಫ್ಯಾನ್ ಆರಿಸಿ ಕತ್ತಿನವರೆಗೆ ಕಂಬಳಿ ಹೊದಿಸಿದ. ಏಪ್ರಿಲ್ ತಿಂಗಳು. ತಾತ ಕೇಳುತ್ತಿದ್ದುದು ಒಂದು ಲೋಟ ನೀರು.

ವಯಸ್ಸಾದ ಮೇಲೆ, ಅದರಲ್ಲೂ ಮರೆವು ಬಂದ ಮೇಲೆ, ಅನೇಕರಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಕಳಚಿಕೊಳ್ಳುತ್ತವೆ. ಅಮ್ಮನ ಮಡಿಲಲ್ಲಿ ಕಲಿತದ್ದು ಕೊನೆಯವರೆಗೆ ಉಳಿಯುತ್ತದೆ. ಹಾಗಾಗಿ ಶಿವಾಜಿನಗರದಂಥ ದಂಡು ಪ್ರದೇಶದ ಒಬ್ಬ ಮುದುಕನಿಗೆ ಆರೈಕೆ ಎಂದರೆ ಮೊದಲು ಅವನ ಮನೆಮಾತಿನ ಏಳು ಪದ. ನೀರು, ನೋವು, ಹಸಿವು, ಕಕ್ಕಸು, ಭಯ, ಬೇಡ, ಸಾಕು. ಇಷ್ಟನ್ನು ಒಂದು ಹಾಳೆಯ ಮೇಲೆ ಆ ಹುಡುಗನಿಗೆ ತಿಳಿಯುವ ಲಿಪಿಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದ್ದರೆ ಸಾಕಿತ್ತು.

ಭಾಷೆಯಂತೆಯೇ ಹೊತ್ತು. ಇಡೀ ಜೀವಮಾನ ನಸುಕಿನ ನಮಾಜಿಗೆ ಎದ್ದ ಹಿರಿಯರು ನಾಲ್ಕೂವರೆಗೆ ಎದ್ದು ಕೂತರೆ ಅದು ನಿದ್ರಾಹೀನತೆಯಲ್ಲ. ಅದಕ್ಕೆ ಗುಳಿಗೆ ಕೊಡುವ ಬದಲು ಒಂದು ಚೊಂಬು ನೀರು ಕೊಡಿ. ಆಗಸ್ಟ್ 29ರಂದು ಸೇಂಟ್ ಮೇರಿ ಬಸಿಲಿಕಾದಲ್ಲಿ ಧ್ವಜ ಏರಿದಾಗಿನಿಂದ ಸೆಪ್ಟೆಂಬರ್ 8ರ ತೇರಿನವರೆಗೆ ಕಾವಿ ಬಟ್ಟೆ ಉಡುತ್ತಿದ್ದ ಅಜ್ಜಿಗೆ ಆ ದಿನಗಳಲ್ಲಿ ಕೇಂದ್ರದ ಹೂವಿನ ನೈಟಿಯೇ ಗತಿ ಎನ್ನಬೇಡಿ. ಹಲಸೂರಿನ ಸೋಮೇಶ್ವರನ ಗುಡಿಗೆ ಸೋಮವಾರ ತಪ್ಪದೆ ಹೋಗುತ್ತಿದ್ದವರಿಗೆ ಇವತ್ತು ಸೋಮವಾರ ಎಂದು ಹೇಳುವವರಾದರೂ ಒಬ್ಬರು ಬೇಕು. ಕಾಫಿ ಕುಡಿಯುವವರಿಗೆ ಕಾಫಿ, ಸುಲೈಮಾನಿ ಕುಡಿಯುವವರಿಗೆ ಸುಲೈಮಾನಿ. ಇವು ದುಬಾರಿ ಸವಲತ್ತುಗಳಲ್ಲ. ಇಷ್ಟು ಉಳಿದರೆ ಆ ಜೀವ ತಾನು ಯಾರೆಂಬುದನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳುತ್ತದೆ.

ನಾವು ತಪ್ಪಿದ್ದು ಎಲ್ಲಿ? ಆರೈಕೆಯ ಕೇಂದ್ರವನ್ನು ಆಸ್ಪತ್ರೆಯ ವಾರ್ಡಿನ ಅಚ್ಚಿನಲ್ಲಿ ಎರಕ ಹೊಯ್ದಿದ್ದೇವೆ. ನಮ್ಮ ಬೌರಿಂಗ್ ಆಸ್ಪತ್ರೆ 1868ರಿಂದ ಈ ಬಡಾವಣೆಯ ಬಡವರನ್ನು ಕಾಯುತ್ತ ಬಂದಿದೆ. ಅಲ್ಲಿ ಬೆಡ್ ನಂಬರ್ ಬೇಕು, ಊಟಕ್ಕೆ ಒಂದೇ ಹೊತ್ತು ಬೇಕು, ನೋಡುವವರಿಗೆ ಗಂಟೆ ಗೊತ್ತುಪಡಿಸಬೇಕು. ರೋಗಿ ಹತ್ತು ದಿನ ಇದ್ದು ಮನೆಗೆ ಹೋಗುತ್ತಾನೆ, ಹತ್ತು ದಿನ ಯಾರಾದರೂ ಸಹಿಸಿಯಾರು. ಅದೇ ನಿಯಮವನ್ನು ಹತ್ತು ವರ್ಷ ಬದುಕಬೇಕಾದ ಜಾಗಕ್ಕೆ ತಂದರೆ ಅದು ಮನೆಯಾಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಎಲ್ಲರಿಗೂ ಸ್ನಾನ, ಸಂಜೆ ಆರೂವರೆಗೆ ಎಲ್ಲರಿಗೂ ಊಟ, ಏಳೂವರೆಗೆ ದೀಪ ಆರಿಸುವುದು. ಇದಕ್ಕೆ ಒಗ್ಗದವರಿಗೆ ಹಠಮಾರಿ ಎಂಬ ಹೆಸರು. ಹಠ ಹೆಚ್ಚಾದರೆ ನಿದ್ದೆ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ದುಪಟ್ಟದಲ್ಲಿ ಕೈಯನ್ನು ಮಂಚದ ಸರಳಿಗೆ ಕಟ್ಟುವುದು. "ಬಿದ್ದುಬಿಡ್ತಾರೆ, ಅದಕ್ಕೇ ಕಟ್ಟಿದೀವಿ" ಎಂಬ ಸಮಜಾಯಿಷಿಯನ್ನು ಕೇಳಿ ಸುಮ್ಮನೆ ತಲೆಯಾಡಿಸಿ ಬಂದ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಸಿಬ್ಬಂದಿಯ ಅನುಕೂಲಕ್ಕಾಗಿ ವೃದ್ಧರನ್ನು ಕಟ್ಟಿಹಾಕಬಾರದು ಎಂದು ಅಮೆರಿಕ 1987ರಲ್ಲೇ ಕಾನೂನು ಮಾಡಿತು.

ನಮ್ಮ ಕಾನೂನು ಏನೆನ್ನುತ್ತದೆ? ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 19ನೇ ಕಲಂ ಪ್ರತಿ ಜಿಲ್ಲೆಗೆ ಕನಿಷ್ಠ 150 ಜನರ ಒಂದು ವೃದ್ಧಾಶ್ರಮದ ಮಾತಾಡುತ್ತದೆ. ಪೋಷಣೆ ಎಂದರೆ ಅನ್ನ, ಬಟ್ಟೆ, ವಸತಿ, ಚಿಕಿತ್ಸೆ ಎಂದು ವಿವರಿಸುತ್ತದೆ. ಬೇಕಾದದ್ದೇ. ಅದೇ ಕಾಯ್ದೆಯ ಇನ್ನೊಂದು ಕಡೆ, ಹಿರಿಯರು ಸಾಮಾನ್ಯ ಜೀವನ ನಡೆಸುವಂತೆ ಮಕ್ಕಳು ನೋಡಿಕೊಳ್ಳಬೇಕು ಎಂಬ ಮಾತಿದೆ. ಯಾರೂ ಎತ್ತಿ ಆಡದ ಈ ಎರಡು ಪದ, ಸಾಮಾನ್ಯ ಜೀವನ, ನನಗೆ ಬಹಳ ದೊಡ್ಡದಾಗಿ ಕಾಣುತ್ತವೆ. ಬೇಕಾದಾಗ ಏಳುವುದು, ಬೇಡದ್ದನ್ನು ಬೇಡ ಎನ್ನುವುದು, ಬಾಗಿಲು ತಟ್ಟಿ ಒಳಗೆ ಬರುವವರು ಇರುವುದು, ತನ್ನ ಜಡೆ ತನ್ನದಾಗಿರುವುದು. ಆಶ್ರಮಗಳಿಗೆ ಮಾನದಂಡ ಗೊತ್ತುಪಡಿಸುವ ಅಧಿಕಾರವನ್ನು ಕಾಯ್ದೆ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಹಾಸಿಗೆಗಳ ಲೆಕ್ಕದ ಜತೆಗೆ ಈ ಲೆಕ್ಕವನ್ನೂ ಆ ಮಾನದಂಡಕ್ಕೆ ಸೇರಿಸಬೇಕು. ಕರ್ನಾಟಕದಲ್ಲಿ ಅರವತ್ತು ದಾಟಿದವರು 2011ರ ಜನಗಣತಿಯಲ್ಲೇ ಸುಮಾರು 58 ಲಕ್ಷ ಇದ್ದರು. ಅವರ ಸಂಖ್ಯೆ ಏರುತ್ತಲೇ ಇದೆ.

ಒಬ್ಬೊಬ್ಬರ ಬದುಕಿಗೆ ಹೊಂದಿಕೊಂಡು ನೋಡಿಕೊಳ್ಳುವುದು ಆಗದ ಹೋಗದ ಮಾತು ಎನ್ನುವವರಿಗೆ ನಮ್ಮ ನಗರದಲ್ಲೇ ಉತ್ತರವಿದೆ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗಾಗಿಯೇ 2010ರಲ್ಲಿ ಒಂದು ಕೇಂದ್ರ ತೆರೆಯಿತು. ಅದೇ ಟ್ರಸ್ಟ್ ನಗರ ಪೊಲೀಸರ ಜತೆ ಸೇರಿ 2002ರಲ್ಲಿ ಆರಂಭಿಸಿದ್ದು 1090 ಹಿರಿಯರ ಸಹಾಯವಾಣಿ. ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂನ್ಯಾಸಿನಿಯರು ಹಲವು ದಶಕಗಳಿಂದ ದಿಕ್ಕಿಲ್ಲದ ವೃದ್ಧರನ್ನು ನೋಡಿಕೊಳ್ಳುತ್ತಿದ್ದಾರೆ. ಆ ಸಂಸ್ಥೆಯನ್ನು ಕಟ್ಟಿದ ಜೀನ್ ಜುಗಾನ್ ಫ್ರಾನ್ಸಿನ ಬಡ ಹೆಂಗಸು. 1839ರ ಚಳಿಗಾಲದಲ್ಲಿ ಕಣ್ಣು ಕಾಣದ, ಲಕ್ವ ಹೊಡೆದ ಒಬ್ಬ ಮುದುಕಿಯನ್ನು ಎತ್ತಿಕೊಂಡು ಮನೆಗೆ ತಂದು ತನ್ನ ಹಾಸಿಗೆಯ ಮೇಲೆ ಮಲಗಿಸಿ, ತಾನು ಅಟ್ಟದ ಮೇಲೆ ಮಲಗಿದಳು. ಆಕೆಯ ಕೈಯಲ್ಲಿ ಕೊಡಲು ಬೇರೆ ಏನೂ ಇರಲಿಲ್ಲ. ತನ್ನ ಅನುಕೂಲವನ್ನು ಪಕ್ಕಕ್ಕಿಟ್ಟು ಇನ್ನೊಬ್ಬರ ಅನುಕೂಲ ನೋಡುವುದೇ ಈ ಇಡೀ ವಿದ್ಯೆಯ ಮೊದಲ ಪಾಠ.

ಆದರೆ ತ್ಯಾಗದ ಮೇಲೆ ಒಂದು ವ್ಯವಸ್ಥೆಯನ್ನು ನಿಲ್ಲಿಸಲು ಬರುವುದಿಲ್ಲ. ಹನ್ನೆರಡು ಗಂಟೆ ಡ್ಯೂಟಿ ಮಾಡುವ, ಸಂಬಳದಲ್ಲಿ ಏಜೆನ್ಸಿಯ ಪಾಲು ಕಳೆದು ಉಳಿದದ್ದನ್ನು ಊರಿಗೆ ಕಳಿಸುವ, ಮಂಚಗಳ ನಡುವೆ ನೆಲದ ಮೇಲೆ ಚಾಪೆ ಹಾಸಿ ಮಲಗುವ ಆಯಾಳಿಗೆ ಎಂಟು ಹತ್ತು ಜನರನ್ನು ವಹಿಸಿ, ಒಬ್ಬೊಬ್ಬರ ಜಡೆಯನ್ನೂ ಪ್ರೀತಿಯಿಂದ ಹೆಣೆ ಎಂದರೆ ಅದು ಅನ್ಯಾಯ. ಆಯಾಳನ್ನು ಮನುಷ್ಯಳಂತೆ ಕಾಣದ ಕಡೆ ಅಜ್ಜಿಯನ್ನು ಮನುಷ್ಯಳಂತೆ ಕಾಣುವುದು ಹೇಗೆ? ಕೈಗಳು ಹೆಚ್ಚಬೇಕು, ಸಂಬಳ ಹೆಚ್ಚಬೇಕು, ತರಬೇತಿ ಸಿಗಬೇಕು. ದಿನಕ್ಕೊಬ್ಬರನ್ನು ಬದಲಿಸದೆ ಒಬ್ಬ ಹಿರಿಯರಿಗೆ ಒಬ್ಬರೇ ಆಯಾ ಇರುವಂತೆ ಡ್ಯೂಟಿ ಹಾಕಬೇಕು. ಇದಕ್ಕೆ ಹಣ ಬೇಕು, ಹೌದು. ಅದನ್ನು ಸರ್ಕಾರವೂ ಹೊರಬೇಕು, ಉಳ್ಳ ಮಕ್ಕಳೂ ಹೊರಬೇಕು. ದುಬೈ, ಮೆಲ್ಬರ್ನ್, ಡಲ್ಲಾಸ್‌ನಿಂದ ಹಣ ಕಳಿಸುವ ಮಕ್ಕಳು ಎಸಿ ಇದೆಯೇ, ಟಿವಿ ಇದೆಯೇ ಎಂದು ಕೇಳುವ ಮೊದಲು ಒಬ್ಬ ಆಯಾಳಿಗೆ ಎಷ್ಟು ಜನ, ರಾತ್ರಿ ಎಷ್ಟು ಸಿಬ್ಬಂದಿ, ಯಾರನ್ನಾದರೂ ಕಟ್ಟಿಹಾಕುತ್ತೀರಾ, ನಾವು ಹೇಳದೆ ಕೇಳದೆ ಬರಬಹುದೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಹಿಂದೆಮುಂದೆ ನೋಡುವ ಕಡೆ ಅಪ್ಪ ಅಮ್ಮನನ್ನು ಬಿಡಬೇಡಿ.

ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಜಡೆ ಕತ್ತರಿಸಿದ್ದಕ್ಕೆ ಕೇಂದ್ರದವರ ಜತೆ ಜಗಳಾಡಿ ಬಂದ ಮೇಲೆ ಆ ರಾತ್ರಿ ಮನೆಯಲ್ಲಿ ಎಲ್ಲರೂ ಕೂತು ಒಂದು ಹಾಳೆ ಬರೆದೆವು. ಹೆಸರು ಹಿಡಿದು ಕರೆಯಬೇಡಿ, ಟೀಚರ್ ಎನ್ನಿ. ಎಡಗಿವಿ ಕೇಳಿಸುವುದಿಲ್ಲ, ಬಲಗಡೆಯಿಂದ ಮಾತಾಡಿಸಿ. ಬದನೆಕಾಯಿ ಮುಟ್ಟುವುದಿಲ್ಲ. ನೈಟಿ ಬೇಡ, ಹಳೆಯ ವಾಯಿಲ್ ಸೀರೆ ಇವೆ. ಸಂಜೆ ಮನೆಗೆ ಹೋಗಬೇಕು ಎಂದು ಅಳುತ್ತಾರೆ; ಇದೇ ನಿಮ್ಮ ಮನೆ ಎಂದು ವಾದಿಸಬೇಡಿ, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಕೇಳಿ. ಕೂದಲು ಕತ್ತರಿಸಬೇಡಿ. ಆ ಹಾಳೆಯನ್ನು ಮಂಚದ ತಲೆಯ ಕಡೆ ಅಂಟಿಸಿದೆವು. ಅದನ್ನು ಓದಿದ ಆಯಾ ಮರುದಿನದಿಂದ ಅವರನ್ನು ಟೀಚರ್ ಎಂದೇ ಕರೆದಳು. ಕರೆದಾಗಲೆಲ್ಲ ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ವರ್ಷದ ಮೇಲೆ ಕೂದಲು ಕತ್ತಿನವರೆಗೆ ಬಂದಾಗ ಅವಳೇ ಎಣ್ಣೆ ಹಚ್ಚಿ ಬೆರಳುದ್ದದ ಒಂದು ಜಡೆ ಹೆಣೆದು ಕಪ್ಪು ಟೇಪು ಕಟ್ಟಿದಳು. ಅದೇ ಜಡೆಯಲ್ಲಿ ದೊಡ್ಡಮ್ಮ ಹೋದರು.

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಈ ಭಾನುವಾರ ಒಂದು ಹಾಳೆ, ಒಂದು ಪೆನ್ನು ಹಿಡಿದು ಅವರ ಪಕ್ಕ ಕೂರಿ. ಏನೆಂದು ಕರೆದರೆ ಇಷ್ಟ, ಯಾವ ಹೊತ್ತಿಗೆ ಏನು ಬೇಕು, ಯಾವುದಕ್ಕೆ ಭಯ, ಯಾವುದನ್ನು ಯಾರೂ ಮುಟ್ಟಬಾರದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆಯ ಫೈಲಿನಲ್ಲಿ ಮೊದಲ ಪುಟವಾಗಿ ಅದನ್ನು ಇಡಿ. ಅವರ ಪರವಾಗಿ ನೀವು ಉತ್ತರ ಹೇಳಬೇಕಾದ ದಿನ ಬಂದೇ ಬರುತ್ತದೆ. ಅವರಿಗೆ ಮಾತು ಇರುವಾಗಲೇ ಅವರನ್ನೇ ಕೇಳಿ.