ಓದದೆ ಹಾಕಿದ ರುಜು

ಹೊರನಾಡ ಕನ್ನಡಿಗರೆಂದು ನಮ್ಮನ್ನು ನಾವು ಕರೆದುಕೊಳ್ಳುವಾಗ ಒಂದು ಸಂಗತಿಯನ್ನು ಸಾಮಾನ್ಯವಾಗಿ ಮರೆತಿರುತ್ತೇವೆ. ನಮ್ಮ ಹೊರನಾಡು ಹೊರದೇಶವಲ್ಲ. ನಮ್ಮ ಹಿರಿಯರು ಕರಾವಳಿಯಿಂದ ಹಡಗು ಹತ್ತಿ, ಘಟ್ಟದ ಮೇಲಿನಿಂದ ರೈಲು ಹತ್ತಿ ಮುಂಬಯಿಗೆ ಬಂದಾಗ ಅವರು ಎಷ್ಟು ದಿನ ಇರುವವರು, ಯಾರಲ್ಲಿ ದುಡಿಯುವವರು ಎಂದು ಬಂದರಿನಲ್ಲಾಗಲಿ ನಿಲ್ದಾಣದಲ್ಲಾಗಲಿ ಯಾರೂ ವಿಚಾರಿಸಲಿಲ್ಲ. ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗ ಮರುದಿನ ಎದುರಿನ ಹೋಟೆಲನ್ನು ಸೇರಿದರೆ ಧಣಿಗೆ ಸಿಟ್ಟು ಬಂದೀತೇ ಹೊರತು ಅದು ಅಪರಾಧವಾಗುತ್ತಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ವಿಧಿಯಂತೂ ದೇಶದ ಯಾವ ಭಾಗಕ್ಕಾದರೂ ಹೋಗುವ, ಅಲ್ಲಿ ನೆಲೆಸುವ ಸ್ವಾತಂತ್ರ್ಯವನ್ನು ಪ್ರಜೆಯ ಮೂಲಭೂತ ಹಕ್ಕೆಂದೇ ಸಾರಿತು. ಪರಭಾಷಿಕರ ನಡುವೆ ನಮಗೆ ಕಷ್ಟಗಳು ಬಂದಿವೆ, ಅವಮಾನಗಳೂ ಆಗಿವೆ. ಆದರೆ ಇಲ್ಲಿ ನಾವು ಯಾರ ಅನುಮತಿಯಿಂದಲೂ ಇದ್ದವರಲ್ಲ, ಹಕ್ಕಿನಿಂದ ಇದ್ದವರು.

ಈ ಹಕ್ಕಿನ ಅಭ್ಯಾಸವೇ ನಮ್ಮ ಮುಂದಿನ ಪೀಳಿಗೆಯನ್ನು ಸಮುದ್ರದಾಚೆ ಎಡವಿಸುತ್ತಿದೆ ಎಂಬ ಶಂಕೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. 1973ರ ತೈಲ ಬೆಲೆಯೇರಿಕೆಯ ನಂತರ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸದ ಬಾಗಿಲು ತೆರೆದಾಗ ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರು ಕಡೆಯ ತರುಣರು ಹೊರಟದ್ದು ಬಹುಪಾಲು ಮುಂಬಯಿಯ ಮೂಲಕವೇ. ವೈದ್ಯಕೀಯ ತಪಾಸಣೆಗೆ, ವೀಸಾಕ್ಕೆ, ವಿಮಾನಕ್ಕೆ ಕಾಯುತ್ತ ಅವರು ಉಳಿಯುತ್ತಿದ್ದುದು ನಮ್ಮ ಚಾಳುಗಳಲ್ಲಿ, ನಮ್ಮ ಹೋಟೆಲುಗಳ ಅಟ್ಟದಲ್ಲಿ. ಮುಂಬಯಿಗೆ ಬಂದಂತೆಯೇ ದಮ್ಮಾಮಿಗೆ ಹೋಗುವುದು, ಒಂದು ಕೆಲಸ ಸರಿಬೀಳದಿದ್ದರೆ ಇನ್ನೊಂದು ನೋಡಿಕೊಳ್ಳುವುದು ಎಂಬ ಧೈರ್ಯವನ್ನು ಅವರಿಗೆ ತುಂಬಿದವರು ನಾವೇ. ಆ ಧೈರ್ಯ ತುಂಬಿದವರಲ್ಲಿ ನಾನೂ ಒಬ್ಬ.

2010ರಲ್ಲಿ ನಮ್ಮೂರ ಕಡೆಯ ತರುಣನೊಬ್ಬ ಸೌದಿ ಅರೇಬಿಯಾಕ್ಕೆ ಹೊರಟು ನಮ್ಮ ಮನೆಯಲ್ಲಿ ನಾಲ್ಕು ದಿನ ತಂಗಿದ್ದ. ವಿದ್ಯುತ್ ಕೆಲಸದಲ್ಲಿ ಒಳ್ಳೆಯ ಕೈ. ಹೊರಡುವ ಹಿಂದಿನ ದಿನ ಕಾಗದಪತ್ರಗಳ ನಕಲುಗಳನ್ನು ತಂದು, "ಮಾವಾ, ಇದಕ್ಕೊಂದು ರುಜು ಹಾಕಿ ಕೊಡಿ" ಎಂದ. ಗೆಜೆಟೆಡ್ ಅಧಿಕಾರಿಯ ರುಜು ಬೇಕೆಂಬ ಪದ್ಧತಿ ಆಗ ಇನ್ನೂ ಬಲವಾಗಿತ್ತು. ಮೂಲಪ್ರತಿಯೊಡನೆ ಹೋಲಿಸಿ, ನಕಲು ಸರಿಯಿದೆಯೆಂದು ದೃಢೀಕರಿಸಿ, ಮೊಹರು ಒತ್ತಿ ಕೊಟ್ಟೆ. ಕರಾರುಪತ್ರದಲ್ಲಿ ಅವನ ಉದ್ಯೋಗವನ್ನು 'ಮನೆಯ ಕಾರು ಚಾಲಕ' ಎಂದು ನಮೂದಿಸಿದ್ದನ್ನು ನನ್ನ ಕಣ್ಣು ಕಂಡಿತ್ತು, ಬುದ್ಧಿ ಓದಲಿಲ್ಲ. ಅದು 'ಫ್ರೀ ವೀಸಾ', ಹೋದಮೇಲೆ ಎಲ್ಲಿ ಬೇಕಾದರೂ ದುಡಿಯಬಹುದು ಎಂದು ಏಜೆಂಟನೊಬ್ಬ ಅವನಿಗೆ ಹೇಳಿದ್ದ. ಅಂಥ ವೀಸಾ ಸೌದಿ ಕಾನೂನಿನ ಯಾವ ಪುಟದಲ್ಲಿಯೂ ಇಲ್ಲ.

ಅಲ್ಲಿನ ವ್ಯವಸ್ಥೆ ಹೀಗಿತ್ತು. ವೀಸಾ ಬಾಗಿಲವರೆಗೆ ಮಾತ್ರ ಒಯ್ಯುತ್ತದೆ. ಒಳಗೆ ಇರಲು 'ಇಕಾಮಾ' ಎಂಬ ವಾಸದ ಪರವಾನಗಿ ಬೇಕು. ಅದರಲ್ಲಿ ಕೆಲಸ ಕೊಟ್ಟವನ ಹೆಸರು, ಅಂದರೆ 'ಕಫೀಲ'ನ ಹೆಸರು, ಮತ್ತು ಉದ್ಯೋಗದ ಹೆಸರು ಎರಡೂ ಇರುತ್ತವೆ. ಆ ಕಫೀಲನಲ್ಲಿ, ಆ ಉದ್ಯೋಗವನ್ನೇ ಮಾಡಬೇಕು. ಬೇರೆಡೆ ದುಡಿದರೆ ಅದು ಕಾನೂನುಭಂಗ. ಕೆಲಸಗಾರ ಹೇಳದೆ ಬಿಟ್ಟುಹೋದನೆಂದು ಕಫೀಲ ದೂರಿತ್ತರೆ ಅದಕ್ಕೆ 'ಹುರೂಬ್' ಎಂದು ಹೆಸರು. ಅಲ್ಲಿಂದಾಚೆಗೆ ಅವನು ದುಡಿಯುವಂತಿಲ್ಲ, ತಾನಾಗಿ ದೇಶ ಬಿಡುವಂತೆಯೂ ಇಲ್ಲ. ನಮ್ಮ ಹುಡುಗ ತನ್ನ ಕಫೀಲನಿಗೆ ವರ್ಷಕ್ಕಿಷ್ಟು ಎಂದು ಹಣ ತೆತ್ತು ಬೇರೆಯವರ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕೆ ನಿಂತ. ಎರಡು ವರ್ಷ ಊರಿಗೆ ತಪ್ಪದೆ ಹಣ ಬಂತು, ಮನೆಗೆ ಹೆಂಚು ಹೋಗಿ ತಾರಸಿಯಾಯಿತು. ಮೂರನೆಯ ವರ್ಷ ಕಫೀಲ ಹೆಚ್ಚು ಕೇಳಿದ. ಇವನು ಕೊಡಲಾರೆನೆಂದ. ದೂರು ದಾಖಲಾಯಿತು. ಅಂಗಡಿಯವನು ಆರು ತಿಂಗಳ ಸಂಬಳ ಉಳಿಸಿಕೊಂಡು ಹೊರಗೆ ಕಳಿಸಿದ. ತನಗೆ ಅಲ್ಲಿ ದುಡಿಯುವ ಹಕ್ಕೇ ಇರಲಿಲ್ಲವಾದ್ದರಿಂದ ಸಂಬಳ ಕೇಳಲು ನ್ಯಾಯಾಲಯದ ಮೆಟ್ಟಿಲು ಹತ್ತುವ ಧೈರ್ಯ ಅವನಿಗಾಗಲಿಲ್ಲ. 2013ರ ಆರಂಭದಲ್ಲಿ ತಾಯಿ ತೀರಿಕೊಂಡಾಗ ಬರಲಾಗಲಿಲ್ಲ. ತಮ್ಮ ಕೊಳ್ಳಿಯಿಟ್ಟ.

ಅದೇ ವರ್ಷ ಸೌದಿ ಸರಕಾರ ತಪ್ಪಿದವರು ಸರಿಪಡಿಸಿಕೊಳ್ಳಲು ಅಥವಾ ದಂಡವಿಲ್ಲದೆ ಹೊರಹೋಗಲು ಅವಕಾಶವಿತ್ತಿತು. ಏಪ್ರಿಲ್‌ನಲ್ಲಿ ಆರಂಭವಾದ ಆ ಅವಧಿ ವಿಸ್ತರಣೆಗೊಂಡು ನವೆಂಬರ್ 3ಕ್ಕೆ ಮುಗಿಯಿತು. ಪಾಸ್‌ಪೋರ್ಟು ಕಫೀಲನ ಬಳಿ ಉಳಿದಿದ್ದರಿಂದ ನಮ್ಮ ದೂತಾವಾಸ ಕೊಟ್ಟ ತುರ್ತು ಪ್ರಯಾಣಪತ್ರ ಹಿಡಿದು ಅವನು ಅಕ್ಟೋಬರಿನಲ್ಲಿ ಮುಂಬಯಿಗೆ ಬಂದಿಳಿದ. ನಮ್ಮ ಮನೆಗೆ ಬಂದ, ಉಂಡ. ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಕೈ ತೊಳೆದು ಬಂದವನು ಸಹಜವಾಗಿಯೇ ಕೇಳಿದ: "ಮಾವಾ, ನಿಮಗೆ ಇಂಗ್ಲಿಷು ಬರ್ತದಲ್ಲ. ಆವತ್ತು ಓದಿ ನೋಡ್ಲಿಲ್ವಾ?" ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಈ ಲೇಖನ ಹುಟ್ಟಿದ್ದು ಅದರಿಂದಲೇ.

ಕಫೀಲ ವ್ಯವಸ್ಥೆ ನ್ಯಾಯವಾದುದೆಂದು ನಾನು ಹೇಳುತ್ತಿಲ್ಲ. ದುಡಿಯುವವನ ಬರುವಿಕೆ, ಇರುವಿಕೆ, ಹಿಂತಿರುಗುವಿಕೆ ಮೂರನ್ನೂ ಒಬ್ಬನ ಮುಷ್ಟಿಯಲ್ಲಿಡುವ ವ್ಯವಸ್ಥೆಯನ್ನು ಯಾವ ನಾಗರಿಕ ಮನಸ್ಸೂ ಒಪ್ಪಲಾರದು. 2021ರ ಮಾರ್ಚ್‌ನಲ್ಲಿ ಸೌದಿ ಸರಕಾರವೇ ಅದನ್ನು ಸಡಿಲಿಸಿ, ಒಂದು ವರ್ಷ ದುಡಿದವನು ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದೆಂದಿತು. ಆದರೆ ಮನೆಗೆಲಸದವರು, ಮನೆಯ ಚಾಲಕರು ಆ ಸುಧಾರಣೆಯಿಂದ ಹೊರಗುಳಿದರು. ಅಂದರೆ, ಕಾಗದದಲ್ಲಿ ಬರೆದ ಉದ್ಯೋಗದ ಹೆಸರೇ ಮನುಷ್ಯನ ಬಿಡುಗಡೆಯನ್ನೂ ನಿರ್ಧರಿಸಿತು. ಶರತ್ತು ಪಾಲಿಸುವುದು ಧಣಿಗೆ ಸಲ್ಲಿಸುವ ಗೌರವವಲ್ಲ. ದಿಕ್ಕಿಲ್ಲದ ನಾಡಿನಲ್ಲಿ ದುಡಿಯುವವನ ಪರವಾಗಿ ನಿಲ್ಲುವ ಸಾಕ್ಷಿಯೆಂದರೆ ಆ ಕಾಗದವೊಂದೇ. ಅದನ್ನು ಮುರಿದವನು ಮೊದಲು ಕಳೆದುಕೊಳ್ಳುವುದು ದೂರು ಕೊಡುವ ಬಲವನ್ನು. ಏಜೆಂಟನಿಗೂ ಕಫೀಲನಿಗೂ ಇದು ಚೆನ್ನಾಗಿ ಗೊತ್ತು.

ನಮ್ಮ ದೇಶದ ಕಾನೂನಿನಲ್ಲಿರುವ ಒಂದು ಬಿರುಕನ್ನೂ ಇಲ್ಲಿ ಹೇಳಬೇಕು. 1983ರ ವಲಸೆ ಕಾಯಿದೆಯ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ದಾಟದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ನಿಗದಿತ ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕು. ಆಗ ಕರಾರುಪತ್ರವನ್ನು ಸರಕಾರದ ಕಣ್ಣೊಂದು ನೋಡುತ್ತದೆ. ಹತ್ತನೆಯದನ್ನು ದಾಟಿದವನಿಗೆ ಈ ಕಟ್ಟುಪಾಡಿಲ್ಲ, ಓದಿದವನು ತನ್ನ ಕಾಗದ ತಾನೇ ಓದಿಕೊಂಡಾನು ಎಂಬ ನಂಬಿಕೆ. ನಮ್ಮ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿದ್ದ. ಆದ್ದರಿಂದ ಅವನ ಕರಾರನ್ನು ನೋಡಿದ ಏಕೈಕ ಸರಕಾರಿ ನೌಕರ ನಾನೇ ಆಗಿದ್ದೆ.

ಇದು ಕೂಲಿಯವರ ಸಮಸ್ಯೆ, ಕಂಪ್ಯೂಟರ್ ಕಲಿತು ಅಮೆರಿಕಕ್ಕೆ ಹೋದ ನಮ್ಮ ಮಕ್ಕಳಿಗಲ್ಲ ಎಂದು ಓದುಗರು ಭಾವಿಸಬಾರದು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಕೊನೆಯ ದಿನಾಂಕವೇ ಅಲ್ಲಿ ಇರಬಹುದಾದ ಕೊನೆಯ ದಿನವೆಂದು ನಂಬಿದ ವಿದ್ಯಾವಂತರು ಬೇಕಾದಷ್ಟಿದ್ದಾರೆ. ನಿಜವಾಗಿ ಆ ದಿನವನ್ನು ತೋರಿಸುವುದು ಅಲ್ಲಿ ಇಳಿದಾಗ ದಾಖಲಾಗುವ 'ಐ-94'. ಪಾಸ್‌ಪೋರ್ಟಿನ ಅವಧಿ ಬೇಗ ಮುಗಿಯುವುದಾದರೆ ಅಧಿಕಾರಿ ಆ ದಿನಕ್ಕೇ ವಾಸವನ್ನೂ ಮುಗಿಸಿಬಿಡಬಹುದು. ಅಲ್ಲಿನ 1996ರ ಕಾನೂನಿನಂತೆ 180 ದಿನ ಮೀರಿ ಅಕ್ರಮವಾಗಿ ಉಳಿದು ಹೊರಬಂದವನಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವನಿಗೆ ಹತ್ತು ವರ್ಷ ಪುನಃ ಪ್ರವೇಶವಿಲ್ಲ. ಸ್ನಾತಕೋತ್ತರ ಪದವಿಯೂ ಓದದ ಕಾಗದವನ್ನು ಓದಿದಂತೆ ಮಾಡಲಾರದು. ನಾನೇ ಇದಕ್ಕೆ ನಿದರ್ಶನ.

ಸಂಘಗಳು ಏನು ಮಾಡಬಹುದು? ಮುಂಬಯಿಯ ಕನ್ನಡಿಗರಿಗೆ ರಾತ್ರಿಶಾಲೆಗಳ ಪರಂಪರೆಯಿದೆ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಹಿರಿಯರು ಸಾಹಿತ್ಯ ಸಮ್ಮೇಳನಕ್ಕಿಂತ ಕಡಿಮೆಯದನ್ನೇನೂ ಮಾಡಲಿಲ್ಲ. ಅದೇ ಕೆಲಸದ ಮುಂದಿನ ಪಾಠ ಇದು. ತಿಂಗಳಿಗೊಂದು ಭಾನುವಾರ ಸಂಘದ ವಾಚನಾಲಯದಲ್ಲಿ ಒಂದು ಮೇಜು, ಇಂಗ್ಲಿಷ್ ಬಲ್ಲ ಇಬ್ಬರು, ಸಾಧ್ಯವಾದರೆ ಅರಬ್ಬಿ ಬಲ್ಲ ಒಬ್ಬರು ಸಾಕು. ಹೊರಡುವವನ ಕಾಗದವನ್ನು ಅವನೆದುರೇ ಕನ್ನಡದಲ್ಲಿ ಓದಿ ಹೇಳಬೇಕು. ಇದು ಭೇಟಿಯ ವೀಸಾವೋ ಉದ್ಯೋಗದ್ದೋ? ಯಾರ ಹೆಸರಿನಲ್ಲಿದೆ? ಯಾವ ಕೆಲಸಕ್ಕೆ? ಕೊನೆಯ ದಿನ ಯಾವುದು, ಅದನ್ನು ಯಾವ ಕಾಗದ ಹೇಳುತ್ತದೆ? ಕೆಲಸ ಹೋದರೆ ಎಷ್ಟು ದಿನ ಇರಬಹುದು? ಏಜೆಂಟ್ ನೋಂದಾಯಿತನೋ, ನಿಯಮದಂತೆ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಕೇಳಿದ್ದಾನೋ, ರಶೀದಿ ಕೊಟ್ಟಿದ್ದಾನೋ? ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ತೃಪ್ತಿಕರ ಉತ್ತರ ಸಿಗದಿದ್ದರೆ 'ಹೋಗಬೇಡ' ಎಂದು ಹೇಳುವ ನಿಷ್ಠುರತೆಯೂ ಬೇಕು.

ನಮ್ಮಲ್ಲಿ ಬೀಳ್ಕೊಡುವ ಸಂಪ್ರದಾಯ ಚೆನ್ನಾಗಿದೆ. ಹಾರ ಹಾಕುತ್ತೇವೆ, ತಿಂಡಿಯ ಡಬ್ಬಿ ಕಟ್ಟಿಕೊಡುತ್ತೇವೆ, ವಿಮಾನ ನಿಲ್ದಾಣದವರೆಗೆ ಹೋಗುತ್ತೇವೆ. ಅದಕ್ಕೆ ಮುಂಚೆ ಅರ್ಧ ಗಂಟೆ ಕನ್ನಡಕ ಹಾಕಿ ಕುಳಿತು ಓದುವ ಸಂಪ್ರದಾಯವನ್ನೂ ಸೇರಿಸಿಕೊಳ್ಳೋಣ. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ವಾಚನಾಲಯದಲ್ಲಿರುತ್ತೇನೆ. ಜೊತೆಗೆ ಕುಳಿತುಕೊಳ್ಳಬಲ್ಲವರು ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ.